ಮೂವತ್ತೆಂಟು ಆರಾಮ

ಅಕ್ಕಾ,

ಸವಣೂರು ಬಿಟ್ಟು ಹಿರೇಕೆರೂರು ತಾಲೂಕಿನ ಈ ಸಾಲಿಗೆ ಬಂದು ಹದಿನೈದು ದಿನಾತು, ತಲಿ ಚಿಟ್ಟ ಹಿಡದೈತಿ. ಡಿಸೈನ್ ಥಿಂಕಿಂಗ್ ಕಲಿಸಾಕ ಕಳಿಸ್ಯಾರಲ್ಲ, ಅದರಾಗ ಮೊದಲ ಮಂದಿ ತ್ರಾಸ ಕೇಳಬೇಕು, ಆಮ್ಯಾಲೆ ಅದಕ್ಕೊಂದು ಹಾದಿ ಹುಡುಕಬೇಕು. ಒಂಬತ್ತನೇ ಕ್ಲಾಸಿನ ಹುಡುಗೂರನ್ನ ಊರಾಗ ಕಳಿಸಿದೆ. ಮನಿ ಮನ್ಯಾಗ ಚಹಾ ಕುಡದು ಬಂದ್ರು. ಮೂವತ್ತೆಂಟು ನೋಟ್‌ಬುಕ್ಕಿನ್ಯಾಗೂ ಒಂದ ಉತ್ತರ: "ಆರಾಮ ಅದೀವ್ರಿ." ಬಂದವರ ಮುಂದ ತ್ರಾಸ ಹೇಳೂದು ಮರ್ಯಾದಿ ಅಲ್ಲಂತ! ಶನಿವಾರ ಹಾವೇರಿ ಪ್ರದರ್ಶನಕ್ಕ ಹುಡುಗೂರು ಮಾಡಿದ್ದೇನರ ಒಯ್ಯಬೇಕು, ಆರಾಮನ್ನ ಡಬ್ಬ್ಯಾಗ ಹಾಕ್ಕೊಂಡು ಒಯ್ಯಲೇನು?

ಸಿಟ್ಟಿಲೆ, "ನನ್ನನ್ನರ ಕೇಳಿ ಕಲೀರಿ" ಅಂದೆ. ಐಶ್ವರ್ಯ ಅನ್ನೂ ಹುಡುಗಿ ಎದ್ದು, "ಟೀಚರ್, ನಿಮಗೇನ ತ್ರಾಸ ಐತ್ರಿ?" ಅಂದ್ಲು.

"ಏನಿಲ್ಲವಾ, ಆರಾಮ ಅದೇನಿ" ಅಂದೆ.

"ಹಂಗಾರ ಮುಂಜಾನಿಂದ ನೀವ್ಯಾಕ ನೀರ ಕುಡಿಯೂದಿಲ್ರಿ? ಪಾಯಖಾನಿ ಬಾಗಲಕ್ಕ ಚಿಲಕಿಲ್ಲ, ಅದಕ್ಕ ನಾವೂ ಕುಡಿಯೂದಿಲ್ರಿ."

ಉರಿಮೂತ್ರ ಶುರುವಾಗಿ ನಾಕ ದಿನಾತಕ್ಕ. ಫೋನಿನ್ಯಾಗ ನೀ ಕೇಳಿದ್ರ ಬಾಯಿ ತಾನ ಆರಾಮ ಅಂತೈತಿ, ಅದಕ್ಕ ಈ ಕಾರ್ಡ್. ಅವ್ವಗ ಓದಿ ಹೇಳಬ್ಯಾಡ.

ಬಸ್ ಬಂತು. ಚಿಲಕ ತರಾಕ ಹೊಂಟೇನಿ.

ನಿನ್ನ ತಂಗಿ,
ಶಿವಲೀಲಾ