ಮೆಷಿನ್ ಸುಮ್ಮನಿದ್ದರೆ

ಜನವರಿ 6, 2009. ಮಂಗಳವಾರ, ಬೆಳಗಿನ ಕಾಫಿ ಆದಮೇಲೆ

ದಿನಚರಿ ಹೇಗೆ ಶುರು ಮಾಡುತ್ತಾರೋ ಗೊತ್ತಿಲ್ಲ. ಜೀವಮಾನವಿಡೀ ಬರೆದದ್ದು ಕಾಗದ ಮಾತ್ರ. ಹಾಗಾಗಿ ಕಾಗದದ ಹಾಗೆಯೇ. ತಮ್ಮಾ ರೂಬೆನ್, ನಿನ್ನ ಮಂಡಿನೋವು ಹೇಗಿದೆ? ಸಿಲ್ವಿಯಾಳ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಥಂಡರ್ ಬೇಯಲ್ಲಿ ಐಲಿ ಅಕ್ಕನ ಕೆಮ್ಮು ಇಳಿಯಿತೇ? ನಿಮ್ಮ ಕುರುಡು ನಾಯಿ ಇನ್ನೂ ಸೋಫಾದ ಮೇಲೇ ಮಲಗುತ್ತದೆಯೇ? ನಾನು ಗಟ್ಟಿಯಾಗಿದ್ದೇನೆ. ನಿನ್ನ ಅತ್ತಿಗೆ ಲೆಂಪಿಯ ವಿಷಯ ನಿನಗೆ ಗೊತ್ತೇ ಇದೆ.

ಇದನ್ನು ಕಳಿಸುವುದಿಲ್ಲ. ಬೆರಳು ಪಳಗಲಿ, ಮೆಷಿನ್ ಮೇಲೆ ದಿನಾ ನಾಲ್ಕು ಸಾಲು ಬರೆ ಅಂದವನು ನೀನು. ಬರೆಯುತ್ತಿದ್ದೇನೆ.

ಇಪ್ಪತ್ತೆರಡಕ್ಕೆ ಡುಲೂತ್ ಆಸ್ಪತ್ರೆಯಲ್ಲಿ ಆಪರೇಷನ್. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯುತ್ತಾರೆ. ಆಮೇಲೆ ಲೆಂಪಿ ಉಸಿರಾಡುತ್ತಾಳೆ, ಉಣ್ಣುತ್ತಾಳೆ, ಮಾತಾಡುವುದಿಲ್ಲ. ಅಷ್ಟರೊಳಗೆ ಅವಳ ಧ್ವನಿಯನ್ನು ಈ ಮೆಷಿನ್‌ನಲ್ಲಿ ತುಂಬಿಡಬೇಕು. ಕೀಲಿ ಒತ್ತಿದರೆ ಅವಳದೇ ಗಂಟಲಿನಲ್ಲಿ ಮಾತು ಬರುವ ಹಾಗೆ.

ಕಪ್ಪು ಪರದೆ. ಚಿತ್ರವಿಲ್ಲ, ಮೌಸ್ ಇಲ್ಲ. ಮಿನುಗುವ ಒಂದು ಗೆರೆ ಅಷ್ಟೇ. ಇದನ್ನು ತಂದಿಟ್ಟವನು ರೂಬೆನ್, ಮೂವತ್ತು ವರ್ಷ ಗಣಿ ಕಚೇರಿಯ ಕಂಪ್ಯೂಟರ್ ನೋಡಿಕೊಂಡವನು. ಅವನಿಗೆ ಬಂದದ್ದು ಇದೊಂದೇ ಬಗೆ. ಯೂನಿಕ್ಸ್.

ಜನವರಿ 8, ಗುರುವಾರ. ಸಂಜೆ

ಫೋನಿನಲ್ಲಿ ರೂಬೆನ್‌ನ ಪಾಠ. ಎಲ್‌ಎಸ್ ಅಂದರೆ ಇಲ್ಲಿ ಏನೇನಿದೆ ತೋರಿಸು. ಸಿಡಿ ಅಂದರೆ ಆ ಕೋಣೆಗೆ, ಅಂದರೆ ಫೋಲ್ಡರ್‌ಗೆ, ಹೋಗು. ಪಿಡಬ್ಲ್ಯುಡಿ ಅಂದರೆ ಈಗ ಎಲ್ಲಿ ನಿಂತಿದ್ದೇನೆ ಹೇಳು. ಎಲ್ಲಿ ನಿಂತಿದ್ದೇನೆ ಅಂತ ನನಗೇ ಗೊತ್ತಿರುವುದಿಲ್ಲವೇ ಅಂತ ನಗಾಡಿದೆ.

ಆಜ್ಞೆ ಕೊಟ್ಟೆ. ಮೆಷಿನ್ ತುಟಿ ಬಿಚ್ಚಲಿಲ್ಲ. ಕೆಟ್ಟಿದೆ ಅಂದೆ.

"ಅಣ್ಣಾ, ಇದು ನಿನ್ನ ಹಡಗುಕಟ್ಟೆಯಲ್ಲ. ಕೆಲಸ ಸರಿಯಾದ್ರೆ ಇದು ಮಾತೇ ಆಡಲ್ಲ. ತಪ್ಪಾದ್ರೆ ಮಾತ್ರ ಬೈಯುತ್ತೆ. ಸುಮ್ಮನಿದ್ರೆ ಎಲ್ಲಾ ಚೆನ್ನಾಗಿದೆ ಅಂತ ಅರ್ಥ."

ಮನಸ್ಸು ಒಪ್ಪಲಿಲ್ಲ. ಕಬ್ಬಿಣದ ಅದಿರಿನ ಕಟ್ಟೆಯ ಮೇಲೆ ನಮ್ಮದು ಉಲ್ಟಾ ಪದ್ಧತಿ. ಹಡಗಿಗೆ ಅದಿರು ಸುರಿಯುವ ಮುಂಚೆ ಮೇಲಿನವನು ತಾನು ನಿಂತ ಜಾಗ ಹೇಳಿ ಕೂಗಬೇಕು. ಕೆಳಗಿನವನು "ಹೋ" ಅನ್ನಬೇಕು. ಹೋ ಬರದಿದ್ದರೆ ಬಾಗಿಲು ತೆರೆಯುವ ಹಾಗಿಲ್ಲ. ಸುಮ್ಮನಿದ್ದಾನೆ ಅಂದರೆ ಏನೋ ಆಗಿದೆ ಅಂತಲೇ ಲೆಕ್ಕ.

ಇರಲಿ. ಅವರ ಮನೆ, ಅವರ ಪದ್ಧತಿ.

ಜನವರಿ 12, ಸೋಮವಾರ

ರೆಕಾರ್ಡಿಂಗ್ ನಡೆಯುತ್ತಿದೆ. ಒಂದೊಂದು ಮಾತಿಗೆ ಒಂದೊಂದು ಫೈಲ್. ಉಪ್ಪು. ಔಷಧಿ. ನೋವು. ಐಲಿ ಅಕ್ಕನಿಗೆ ಫೋನ್ ಮಾಡು. ಆಸ್ಪತ್ರೆಯವರು ಪಟ್ಟಿ ಕೊಟ್ಟಿದ್ದರು, "ದಯವಿಟ್ಟು ನನಗೆ ಸಹಾಯ ಬೇಕಾಗಿದೆ" ಅಂತೆಲ್ಲ. ಲೆಂಪಿ ಅದನ್ನು ಒಲೆಗೆ ಹಾಕಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ಒಮ್ಮೆಯೂ ದಯವಿಟ್ಟು ಅಂದಿಲ್ಲವಂತೆ, ಈಗ ಪೆಟ್ಟಿಗೆಯೊಳಗಿಂದ ಅಂದರೆ ನಾನು ಹೆದರಿ ಸಾಯುತ್ತೇನಂತೆ.

ಅವಳ ಪಟ್ಟಿಯೇ ಬೇರೆ. "ಗೊರಕೆ ನಿಲ್ಲಿಸು." "ಆ ಅಂಗಿ ಬಿಚ್ಚು, ನಾರ್ತಾ ಇದೆ." "ನೀನು ಹೇಳಿದ್ದು ಕೇಳಿಸ್ತು, ಆದ್ರೆ ತಪ್ಪು."

ಗಂಟಲು ಒರಟಾಗಿದೆ. ಹತ್ತು ಮಾತಿಗೊಮ್ಮೆ ಬಿಸಿನೀರು. ಕೊನೆಕೊನೆಗೆ ಪಿಸುಗುಟ್ಟುತ್ತಾಳೆ. ಇವತ್ತಿಗೆ ಸಾಕು ಅಂದರೆ ಕೇಳುವುದಿಲ್ಲ.

ಜನವರಿ 17, ಶನಿವಾರ. ಮಧ್ಯಾಹ್ನ

ಇವತ್ತು ನನ್ನನ್ನು ಕಟ್ಟಿಗೆ ಕೊಟ್ಟಿಗೆಗೆ ಅಟ್ಟಿದಳು. ಆಜ್ಞೆ ಅವಳಿಗೂ ಬರುತ್ತದೆ ಈಗ. ಹೊರಗೆ ಮೈಕೊರೆಯುವ ಚಳಿ. ಕಿಟಕಿಯಲ್ಲಿ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ತುಂಬಾ ಹೊತ್ತು ಮಾತಾಡಿದಳು.

ಒಳಗೆ ಬಂದರೆ ಹೊಸ ಫೈಲ್. ಹೆಸರು "ಕೊನೆಗೆ". ಇನ್ನೂ ಮೈಕಿನ ಕೆಂಪುದೀಪ ಉರಿಯುತ್ತಿತ್ತು, ಮುಂದಿನ ರೆಕಾರ್ಡಿಂಗ್‌ಗೆ. ನಾನು ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತ ನಿಂತಿದ್ದೆ. ಅವಳು ಮೈಕಿಗೇ ಬೈದಳು: "ಮುದುಕಾ, ಬಾಗಿಲು ಹಾಕು, ಚಳಿ ಒಳಗೆ ಬರ್ತಾ ಇದೆ." ಅದನ್ನೂ ಇಟ್ಟುಕೊಂಡೆವು.

"ಅದರಲ್ಲೇನಿದೆ?" ಅಂತ ಕೇಳಿದೆ.

"ನಾನು ಹೋದಮೇಲೆ ಕೇಳು. ಅದಕ್ಕೆ ಮುಂಚೆ ಕೇಳಿದ್ಯೋ, ಎದ್ದು ಬಂದು ಕಿವಿ ಹಿಂಡ್ತೀನಿ."

ಹೋದಮೇಲೆ ಅನ್ನುವುದನ್ನು ಉಪ್ಪು ಕೊಡು ಅನ್ನುವಷ್ಟು ಸಲೀಸಾಗಿ ಅಂದಳು. ಕೇಳಲಿಲ್ಲ ನಾನು. ಕೇಳುವುದೂ ಇಲ್ಲ.

ಜನವರಿ 20, ಮಂಗಳವಾರ. ಸಂಜೆ

ಹಿಮಗಾಳಿ. ರೂಬೆನ್ ಬರಬೇಕಿತ್ತು, ಎಲ್ಲವನ್ನೂ ನಕಲು ಮಾಡಿ ಒಯ್ಯಲು. ಅವನಿರುವ ಹಿಬ್ಬಿಂಗ್‌ನಿಂದ ರಸ್ತೆ ಮುಚ್ಚಿದ್ದಾರೆ. ಫೋನ್ ಮಾಡಿದ. ಸದ್ಯಕ್ಕೆ ಲೆಂಪಿ ಹೆಸರಲ್ಲಿ ಒಂದು ಫೋಲ್ಡರ್ ಮಾಡಿ ಎಲ್ಲವನ್ನೂ ಅದಕ್ಕೆ ಸಾಗಿಸಿಡು ಅಂದ. ಎಂವಿ ಅಂದರೆ ಸಾಗಿಸು. ನಕ್ಷತ್ರದ ಚಿಹ್ನೆ ಹಾಕಿದರೆ ಎಲ್ಲಾ ಒಟ್ಟಿಗೆ ಹೋಗುತ್ತದಂತೆ.

ಒಟ್ಟಿಗೆ ಬೇಡ ಅನಿಸಿತು. ಅವಳ ಧ್ವನಿ ಅದು, ಅದಿರಲ್ಲ. ಒಂದೊಂದಾಗಿ, ಹೆಸರು ಓದಿ ಓದಿ ಕೈಯಾರೆ ಸಾಗಿಸಿದೆ. ಪ್ರತಿಸಲವೂ ಪಟ್ಟಿ ನೋಡಿದೆ. ಒಂದು ಫೈಲ್ ಕಡಿಮೆಯಾಗಿರುತ್ತಿತ್ತು. ಪಟ್ಟಿಯಲ್ಲಿ "ಲೆಂಪಿ" ಇದ್ದೇ ಇತ್ತು. ಬಾಗಿಲ ಮಾತನ್ನು ಎಲ್ಲಕ್ಕಿಂತ ಕೊನೆಗೆ.

ಮೆಷಿನ್ ಒಂದು ಸಲವೂ ಬೈಯಲಿಲ್ಲ. ನಿರಾಳ.

ಜನವರಿ 23, ಶುಕ್ರವಾರ

ಆಯಿತು. ಬದುಕಿದ್ದಾಳೆ. ಕತ್ತಿನಲ್ಲಿ ತೂತು. ಕಣ್ಣು ಬಿಟ್ಟು ನನ್ನನ್ನು ನೋಡಿ ಬಾಯಿ ಆಡಿಸಿದಳು. ಗಾಳಿಯೂ ಬರಲಿಲ್ಲ. ತಾನೇ ಬೆಚ್ಚಿಬಿದ್ದಳು.

ಮನೆಯಲ್ಲಿ ಎಲ್ಲಾ ಭದ್ರವಾಗಿದೆ ಅಂದೆ. ಬೆರಳು ಹಿಸುಕಿದಳು.

ಜನವರಿ 27, ಮಂಗಳವಾರ

ಆಸ್ಪತ್ರೆಯಿಂದ ಬಂದು ಮಾತಾಡಿಸುವ ಪ್ರೋಗ್ರಾಂ ಹಾಕಿದೆ. ಭಾರೀ ದೊಡ್ಡದು. ರೂಬೆನ್ ಫೋನಿನಲ್ಲಿ ಹೇಳುತ್ತ ಹೋದ, ನಾನು ಒತ್ತುತ್ತ ಹೋದೆ. ಮೆಷಿನ್ ತಂದಿಟ್ಟ ದಿನವೇ ಅವನು ಮಹಡಿಯ ಕೋಣೆಗೂ ತಂತಿ ಎಳೆದು ಹೋಗಿದ್ದ, ಅಲ್ಲಿಯೂ ಒಂದು ಹಳೆ ಪರದೆ, ಕೀಲಿಮಣೆ. ರೈಟ್, ಅಂದರೆ ಬರೆ, ಅನ್ನುವ ಆಜ್ಞೆ ಕೊಟ್ಟು ಕೆಳಗೆ ಬರೆದರೆ ಮೇಲೆ ಕಾಣುತ್ತದೆ. ಅಲ್ಲಿ ಬರೆದರೆ ಇಲ್ಲಿ.

ಭಾನುವಾರ ಕರೆತರುವುದು. ಎಲ್ಲಾ ಸಿದ್ಧ.

ಫೆಬ್ರವರಿ 1, ಭಾನುವಾರ

ಮನೆಗೆ ಬಂದವಳು ಕೋಟನ್ನೂ ತೆಗೆಯಲಿಲ್ಲ. ನೇರ ಮೆಷಿನ್ ಕಡೆ ಬೆರಳು. ಕೂರಿಸಿದೆ. "ಲೆಂಪಿ"ಯ ಒಳಗೆ ಹೋಗು ಅಂತ ಆಜ್ಞೆ. ಅದು ಫೋಲ್ಡರೇ ಅಲ್ಲ ಅಂತ ಬೈದಿತು.

ಅದೊಂದು ಫೈಲ್. ಒಂದೇ ಒಂದು. ಹಾಕಿದೆ.

"ಮುದುಕಾ, ಬಾಗಿಲು ಹಾಕು, ಚಳಿ ಒಳಗೆ ಬರ್ತಾ ಇದೆ."

ನಕ್ಕಳು. ಸದ್ದಿಲ್ಲದೆ, ಭುಜ ಕುಣಿಸಿ. ಮುಂದಿನದು ಅಂತ ಕೈ ಮಾಡಿದಳು. ಹುಡುಕಿದೆ. ಡಾಕ್ಟರ ಕಾಗದಗಳ ಫೋಲ್ಡರ್ ಒಳಗೆ ಇನ್ನೊಂದು "ಲೆಂಪಿ" ಸಿಕ್ಕಿತು. ಖಾಲಿ. ಮುಂದಿನದು ಅಂತ ಮತ್ತೆ ಕೈ ಮಾಡಿದಳು. ನಾನು ರೂಬೆನ್‌ಗೆ ಫೋನ್

ಫೆಬ್ರವರಿ 10, ಮಂಗಳವಾರ

ಮೆಷಿನ್ ಮುಟ್ಟಬೇಡ ಅಂತ ರೂಬೆನ್ ಅಂದಿದ್ದ, ಸಾಲನ್ನು ಅರ್ಧಕ್ಕೇ ಬಿಟ್ಟೆ. ಮರುದಿನವೇ ಬಂದು ಒಯ್ದ. ಇವತ್ತು ವಾಪಸ್ ತಂದ. ಬೂಟು ಕಳಚದೆ ಅಡುಗೆಮನೆಯಲ್ಲಿ ನಿಂತೇ ಹೇಳಿದ.

ಆ ಸಂಜೆ ನಾನು ಡಾಕ್ಟರ ಕಾಗದಗಳ ಫೋಲ್ಡರ್‌ನಲ್ಲಿ ನಿಂತಿದ್ದೆ. ಎಲ್ಲಿದ್ದೇನೆ ಅಂತ ಕೇಳಲಿಲ್ಲ. ಹೊಸ ಫೋಲ್ಡರ್ ಅಲ್ಲೇ ಹುಟ್ಟಿತು. ಆಮೇಲೆ ಮನೆ ಫೋಲ್ಡರ್‌ಗೆ ಬಂದು ಸಾಗಿಸತೊಡಗಿದೆ. ಇಲ್ಲಿ ಆ ಹೆಸರಿನ ಫೋಲ್ಡರ್ ಇಲ್ಲ. ಹಾಗಾಗಿ ಮೊದಲ ಫೈಲಿನ ಹೆಸರೇ "ಲೆಂಪಿ" ಆಯಿತು. ಎರಡನೆಯದು ಅದನ್ನು ಅಳಿಸಿ ತಾನು "ಲೆಂಪಿ" ಆಯಿತು. ಹಾಗೆಯೇ ಎಲ್ಲವೂ, ಒಂದರ ಮೇಲೊಂದು. ಕೇಳದೆ, ಹೇಳದೆ.

ನಕ್ಷತ್ರ ಹಾಕಿದ್ದರೆ ಏನಾಗುತ್ತಿತ್ತು ಅಂತ ಕೇಳಿದೆ. ಹೇಳಲು ಇಷ್ಟವಿರಲಿಲ್ಲ ಅವನಿಗೆ.

"ಬೈತಿತ್ತು ಅಣ್ಣಾ. ಒಂದನ್ನೂ ಮುಟ್ತಿರಲಿಲ್ಲ."

ಅಳಿದದ್ದನ್ನು ಎತ್ತಬಹುದಿತ್ತಂತೆ, ಕೂಡಲೇ ಗೊತ್ತಾಗಿದ್ದರೆ. ಅಳಿದ ಜಾಗ ತೆರವಾಗಿರುತ್ತದೆ, ಹೊಸದಾಗಿ ಬರೆದದ್ದು ಅಲ್ಲೇ ಹೋಗಿ ಕೂರುತ್ತದೆ. ಆ ದೊಡ್ಡ ಪ್ರೋಗ್ರಾಂ ಕೂತಿತು. ಈ ನನ್ನ ಸಾಲುಗಳೂ ಕೂತವು. ಎಲ್ಲಾ ಭದ್ರ, ನಿರಾಳ, ಸಿದ್ಧ ಅಂತ ಬರೆದದ್ದೆಲ್ಲ ಅವಳ ಧ್ವನಿಯ ಮೇಲೆಯೇ ಬರೆದದ್ದು.

ಇನ್ನು ಬರೆದರೆ ನಷ್ಟವಿಲ್ಲವಂತೆ. ಅಳಿಯಲು ಉಳಿದದ್ದು ಏನೂ ಇಲ್ಲ.

ರೂಬೆನ್ ಮಹಡಿಗೆ ಹೋಗಿ ಅತ್ತಿಗೆಗೆ ಎಲ್ಲಾ ಹೇಳಿ ಬಂದ. ಏನಂದಳು ಅಂತ ಕೇಳಿ ನಾಲಗೆ ಕಚ್ಚಿಕೊಂಡೆ.

ಫೆಬ್ರವರಿ 12, ಗುರುವಾರ. ಸಂಜೆ ನಾಲ್ಕು

ತಟ್ಟೆ ಇಟ್ಟರೆ ಉಣ್ಣುತ್ತಾಳೆ. ಕತ್ತಿನ ನಳಿಗೆ ತೊಳೆಯಲು ಬಿಡುತ್ತಾಳೆ. ಕಣ್ಣು ಕಿಟಕಿಯ ಕಡೆ. ಆಸ್ಪತ್ರೆಯವರು ಕೊಟ್ಟ ಸ್ಲೇಟು ಮುಟ್ಟಿಲ್ಲ, ಕೀಲಿಮಣೆ ಮುಟ್ಟಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ರೈಟ್ ಆಜ್ಞೆ ಕೊಟ್ಟು ಮೇಲಕ್ಕೆ ಬರೆದೆ. ಬರೆದದ್ದು ಇಷ್ಟು:

ಲೆಂಪಿ, ಹೇಗಿದ್ದೀಯ? ಕಾಲಿಗೆ ಉಣ್ಣೆ ಚೀಲ ಹಾಕಿಕೊಂಡಿದ್ದೀಯಾ? ಮೀನು ಸೂಪು ಒಲೆಯ ಮೇಲಿದೆ. ನಾನು ಅಡುಗೆಮನೆಯಲ್ಲಿದ್ದೇನೆ. ಕಟ್ಟಿಗೆ ಕೊಟ್ಟಿಗೆಗೆ ಕಳಿಸಿ ನೀನು ಹೇಳಿದ್ದು ಏನು ಅಂತ ಕೇಳುವುದಿಲ್ಲ. ನಿನಗೆ ಮನಸ್ಸಾದರೆ ಮಾತ್ರ. ಇಲ್ಲದಿದ್ದರೆ ಬೈದು ಬರೆ. ಹೋ ಅಂತ ಬರೆದರೂ ಸಾಕು.

ಮೆಷಿನ್ ಏನೂ ಅನ್ನಲಿಲ್ಲ. ತಲುಪಿದೆ ಅಂತ ಅರ್ಥ. ಮೇಲೆ ಕುರ್ಚಿ ಎಳೆದ ಸದ್ದು. ಆಮೇಲೆ ಇಲ್ಲ. ಗೆರೆ ಮಿನುಗುತ್ತಿದೆ. ಸುಮ್ಮನಿದ್ದರೆ ಚೆನ್ನಾಗಿದೆ ಅಂತ ರೂಬೆನ್ ಅನ್ನುತ್ತಾನೆ, ನನಗೆ ಆ ಪದ್ಧತಿ ಬರುವುದಿಲ್ಲ ಲೆಂಪಿ, ಬೇಗ ಬರೆ, ನಾನು ಇಲ್ಲೇ