ಒಲೆ ಹಚ್ಚದ ಊಟ

ಸೆಪ್ಟೆಂಬರ್ 9, ಮಂಗಳವಾರ

ಹೊಳಲ್ಕೆರೆಯಿಂದ ದುರ್ಗದವರೆಗೆ ಇವತ್ತೂ ಬಸ್ಸಿನಲ್ಲಿ ನಿಂತೇ ಪ್ರಯಾಣ. ನಿಂತಲ್ಲೇ ಏಳನೇ ಪಾಠದ ಸಂಭಾಷಣೆ ಬಾಯಿಪಾಠ. ಕ್ಲಾಸಿನಲ್ಲಿ ಗಡಗಡನೆ ಒಪ್ಪಿಸಿದೆ. ಜರ್ಮನ್ ಕಲಿಸುವ ಪ್ರಭು ಸರ್ ಮೆಚ್ಚುತ್ತಾರೆ ಅಂದುಕೊಂಡರೆ—

“ದೇವಿಕಾ, ಟೇಪ್ ಹಾಕ್ದಂಗೆ ಐತಮ್ಮ. ಮಧ್ಯ ನಾನೊಂದು ಪ್ರಶ್ನೆ ಕೇಳಿದ್ರೆ ಮೂಗಿ ಆಗ್ತೀಯಲ್ಲ!”

ನಿಜ. ತಪ್ಪಾದರೆ ನಗುತ್ತಾರೆ ಅನ್ನುವ ಭಯ. ಪಿಯುಸಿಯಲ್ಲಿ ನನ್ನ ಇಂಗ್ಲಿಷಿಗೆ ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಅದಕ್ಕೇ ಜರ್ಮನ್ ಮೇಲೆ ಇಷ್ಟು ಪ್ರೀತಿ. ಇಲ್ಲಿ ಕಾನ್ವೆಂಟಿನವರೂ ನನ್ನ ಹಾಗೇ ಸೊನ್ನೆಯಿಂದ ಶುರು!

ಸರ್ ತೀರ್ಪು: ಶುಕ್ರವಾರದೊಳಗೆ ಎಲ್ಲರೂ ವಿಡಿಯೋ ಕಳಿಸಬೇಕು. ಜರ್ಮನ್ನರ ರಾತ್ರಿಯೂಟ, ಅವರವರ ಮನೆಯಲ್ಲಿ, ಜರ್ಮನ್ನಿನಲ್ಲೇ ಮಾತು. ನನ್ನದರಲ್ಲಿ ಒಂದಾದರೂ ಸ್ವಂತ ವಾಕ್ಯ ಇರಬೇಕು. ಇಲ್ಲದಿದ್ದರೆ ಮುಂದಿನ ಸೆಮಿಸ್ಟರಿನ ಜರ್ಮನ್ನಿಗೆ ಸೀಟಿಲ್ಲ.

ಸೀಟಿಲ್ಲವಂತೆ! ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತೆ.

ಸೆಪ್ಟೆಂಬರ್ 10

ಅಮ್ಮನಿಗೆ ವಿವರಿಸಿದೆ. ಅಲ್ಲಿ ಎಷ್ಟೋ ಮನೆಗಳಲ್ಲಿ ರಾತ್ರಿ ಬಿಸಿ ಅಡುಗೆ ಇಲ್ಲ. ಬ್ರೆಡ್ಡು, ಬೆಣ್ಣೆ, ಚೀಸು, ಸೌತೆಕಾಯಿ. ಅಷ್ಟೇ.

“ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚಲ್ವಾ? ಸಾವಾದ ಮನೇಲಿ ಕಣೆ ಹಂಗೆ ಮಾಡೋದು!”

ಅಜ್ಜಿ ಮರುಳಸಿದ್ದಮ್ಮ ಮಾತ್ರ ರೆಡಿ. “ದಿನಾ ಮುದ್ದೆ ತಿಂದು ಸಾಕಾಗೈತೆ. ಒಂದಿನ ಅವರ ರೊಟ್ಟಿನೂ ತಿಂದು ನೋಡಾಣ ಬಿಡು.”

ಹನ್ನೆರಡು ವಾಕ್ಯ ಬರೆದೆ. ಆ ಸ್ವಂತ ವಾಕ್ಯವನ್ನೂ ಬರೆದು ಬಾಯಿಪಾಠ ಮಾಡಿಬಿಟ್ಟೆ. ಹಣೆಬರಹ.

ಸೆಪ್ಟೆಂಬರ್ 11, ಊಟವಾದ ಮೇಲೆ

ಅಯ್ಯೋ ಶಿವನೇ. ನಗು ನಿಲ್ಲುತ್ತಲೇ ಇಲ್ಲ.

ಅಜ್ಜಿ ಶೂಟಿಂಗಿಗೆಂದು ಸ್ನಾನ ಮಾಡಿ, ಹೊಸ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಗೋಡೆಗೆ ಒರಗಿ ಚಕ್ಕಳಮಕ್ಕಳ ಕೂತಿದ್ದಳು. ಅಲ್ಲಾಡಬೇಡ ಅಂದವಳು ನಾನೇ. ಲೈಟು ಚುಚ್ಚುತ್ತದೆಂದು ಕಣ್ಣು ಬೇರೆ ಮುಚ್ಚಿದ್ದಳು. ಪಕ್ಕದಲ್ಲಿ ಅಮ್ಮ, ನಗು ತಡೆಯಲು ತಲೆ ತಗ್ಗಿಸಿ. ಮನೆಯಲ್ಲಿ ಪಿಟ್ ಅನ್ನುವ ಸದ್ದಿಲ್ಲ. ರೆಕಾರ್ಡಿಂಗ್ ಒತ್ತಿದೆ.

ಆಗಲೇ ಬರಬೇಕೆ ಪಕ್ಕದ ಮನೆ ಚಂದ್ರಕ್ಕ, ಹಿತ್ತಲ ಬಾಗಿಲಿಂದ, ಹಾಲಿಗೆ ಹೆಪ್ಪು ಕೇಳಲು! ತಣ್ಣಗಿದ್ದ ಒಲೆ ನೋಡಿದಳು. ಅಜ್ಜಿಯನ್ನು ನೋಡಿದಳು. ನಮ್ಮವರಲ್ಲಿ ಹೆಣ ಮಲಗಿಸುವುದಿಲ್ಲ—ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ.

“ಅಯ್ಯೋ ದೊಡ್ಡವ್ವಾ! ಹೇಳ್ದೆ ಕೇಳ್ದೆ ಹೊಂಟೋದ್ಯಾ!” ಎದೆ ಬಡಿದುಕೊಂಡು ಅಜ್ಜಿಯ ಕಾಲು ಹಿಡಿದಳು.

ನನಗೆ ದಿಕ್ಕೇ ತೋಚಲಿಲ್ಲ. ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದ್ದದ್ದು ಜರ್ಮನ್. ಬಾಯಿಗೆ ಬಂದದ್ದೂ ಅದೇ—“ನೈನ್! ಮೈನ ಓಮಾ ಇಸ್ಟ್ ನಿಷ್ಟ್ ಟೋಟ್! ಝೀ ಇಸ್ಟ್ ಬ್ರೋಟ್!” ನನ್ನ ಅಜ್ಜಿ ಸತ್ತಿಲ್ಲ, ಬ್ರೆಡ್ ತಿನ್ನುತ್ತಿದ್ದಾಳೆ!

ಚಂದ್ರಕ್ಕ ಇನ್ನೂ ಜೋರಾಗಿ ಅತ್ತಳು. ಅಜ್ಜಿ ಒಂದು ಕಣ್ಣು ತೆರೆದಳು.

“ಏ ಚಂದ್ರಿ, ಕಾಲು ಬಿಡೆ. ಬೆಣ್ಣೆ ಕರಗ್ತಾ ಐತೆ.”

ಚಂದ್ರಕ್ಕ ಕಿಟಾರನೆ ಕಿರುಚಿದಳು. ಆಮೇಲೆ ನಮಗೆಲ್ಲ ಬೈದಳು. ಬೈಯುತ್ತಲೇ ಇದ್ದಬದ್ದ ಬ್ರೆಡ್ಡೆಲ್ಲ ತಿಂದಳು. ಮತ್ತೆ ಶೂಟ್ ಮಾಡೋಣ ಅಂದರೆ ಅಜ್ಜಿ, “ಇನ್ನೊಂದ್ಸಲ ಸಾಯಕ್ಕೆ ನನ್ನ ಕೈಲಾಗಲ್ಲ, ಹೋಗೆ!”

ಸೆಪ್ಟೆಂಬರ್ 12

ಇದ್ದದ್ದನ್ನೇ ಕಳಿಸಿದೆ. ಹನ್ನೆರಡರಲ್ಲಿ ಒಂದು ವಾಕ್ಯವೂ ಇಲ್ಲ, ಬರೀ ಕೂಗಾಟ. ನೀಲಿ ಟಿಕ್ ಬಂತು. ಉತ್ತರ ಇಲ್ಲ. ಸೀಟು ಹೋಯಿತು.

ಸೆಪ್ಟೆಂಬರ್ 16, ಬಸ್ಸಿನಲ್ಲಿ

ಸರ್ ಆ ವಿಡಿಯೋವನ್ನು ಇಡೀ ಕ್ಲಾಸಿಗೆ ಹಾಕಿಬಿಟ್ಟರು! ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡೆ. ಸರ್ ಕಣ್ಣೊರೆಸಿಕೊಂಡು, “ನಗ್ರಿ, ನಗ್ರಿ. ನಿಮ್ಮವೂ ನೋಡಿದೀನಿ. ನೀವೆಲ್ಲ ಪುಸ್ತಕ ಒಪ್ಪಿಸಿದೀರಿ. ಜರ್ಮನ್ ಮಾತಾಡಿರೋಳು ಇವಳೊಬ್ಳೇ” ಅಂದರು.

ನಾನು! ಮಾತಾಡಿದ್ದೇನೆ! ಯಾರೂ ಬರೆದುಕೊಡದ ವಾಕ್ಯ!

ಅಷ್ಟಕ್ಕೇ ಬಿಡಲಿಲ್ಲ. ಜರ್ಮನ್ನಿನಲ್ಲೇ ಕೇಳಿದರು, ಅಜ್ಜಿ ಈಗ ಹೇಗಿದ್ದಾರೆ? ಎದ್ದು ನಿಂತೆ. ಹೇಳಿದೆ. ಎರಡು ಕಡೆ ತಪ್ಪಿತು. ಯಾರೋ ನಕ್ಕರು. ನಕ್ಕೊಳ್ಳಲಿ! ನಾನು ನಿಲ್ಲಿಸಲಿಲ್ಲ—ಬೆಣ್ಣೆ, ಚಂದ್ರಕ್ಕ, ಅಮ್ಮನ ಒಲೆ, ಎಲ್ಲ ಹೇಳಿದೆ. ಬೆಲ್ ಹೊಡೆದದ್ದೂ ಗೊತ್ತಾಗಲಿಲ್ಲ.

ಸರ್ ಹಾಜರಿ ಪುಸ್ತಕ ಮುಚ್ಚಿ, “ಸಾಕಮ್ಮ. ಮುಂದಿನ ಸೆಮಿಸ್ಟರಿಗೂ ಸ್ವಲ್ಪ ಉಳಿಸ್ಕೊ” ಅಂದರು.

ಹಾಗಂದರೆ ಸೀಟು—