ಹಿಂದಿನ ಸೀಟಿನ ಕೌದಿ

ಅಕ್ಕ ಸಿದ್ದಕ್ಕನ ಪಾದಗಳಿಗೆ ವರ್ತೂರಿನಾಚೆಯ ತೋಟದ ಮನೆಯಿಂದ ತಮ್ಮ ಪರಮಾನಂದನ ಶರಣು.

ಅಳಿಯ ಈರೇಶ್ ರಜೆ ಹಾಕಿ, ದಿನಕ್ಕೊಂದು ಬೆಟ್ಟವೆಂದು ಕಾರಿನ ತಿರುಗಾಟ ಗೊತ್ತುಮಾಡಿದ. ಸೊಂಟನೋವಿನ ನನ್ನವಳು ಭುವನೇಶ್ವರಿ ಮಾತ್ರ ‘ನೀವು ಹೋಗ್ರಿ, ನಾ ಕೂಡ್ಲಾರೆ’ ಎಂದು ಮುಖ ತಿರುಗಿಸಿದಳು. ನಾನೋ ನಾಟಕ ಕಂಪನಿಯ ರೂಢಿಯಂತೆ ಹಾಸಿಗೆ, ದಿಂಬು ಹೊತ್ತು ಬಂದೆ. ‘ಮಾವಾರ, ಸಂಜಿಗೆ ವಾಪಸ್ ಬರ್ತೀವಿ, ಇದೇನು ನಿಮ್ಮ ನಾಟಕದ ಕ್ಯಾಂಪ್ ಏನ್ರಿ?’ ಎಂದು ಈರೇಶ್ ನಕ್ಕ. ನೀನು ಹೊಲಿದ ಕೌದಿಯನ್ನು ಹಿಂದಿನ ಸೀಟಿಗೆ ಹಾಸಿ, ಮಹಾರಾಣಿಯನ್ನು ಮಲಗಿಸಿಯೇ ಅಂತರಗಂಗೆ ಬೆಟ್ಟದ ಬುಡಕ್ಕೆ ಕರೆದೊಯ್ದೆವು. ಮಂಜಿನ ಪರದೆ ಸರಿದು ಬಂಡೆಗಳ ದರ್ಬಾರು ಕಂಡಾಗ ಅವಳು ಎದ್ದು ಕೂತು ಕೈಮುಗಿದಳು, ಬೆಟ್ಟಕ್ಕೂ ನಿನಗೂ.

ನೋವು ಇಳಿದಿದೆ, ಗುಳಿಗೆ ಬಿಟ್ಟಿಲ್ಲ. ಈಗ ನಂದಿಬೆಟ್ಟಕ್ಕೆ ಹೊರಟಿದ್ದೇವೆ. ಈರೇಶನೇ ಕೂಗುತ್ತಿದ್ದಾನೆ: ‘ಮಾವಾರ, ಮೊದ್ಲ ಕೌದಿ ತರ್ರಿ.’